ಬೊಳ್ಳುವಿನ ಮೂಗು, ಊರವರ ಬಾಯಿ

ಬೇಟೆ ನಾಯಿ ಸಾಕಿದವನ ಬಾಳಿನಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ: ನಾಯಿ ಸರಿಯಾಗಿದ್ದ ದಿನ ಮನುಷ್ಯರು ತಪ್ಪುತ್ತಾರೆ, ಮನುಷ್ಯರು ಸರಿಯಾಗಿದ್ದ ದಿನ ಪಕ್ಕದಲ್ಲೇ ಯಾರಾದರೂ ಮೀನು ಹುರಿಯುತ್ತಾರೆ.

ನಮ್ಮದು ಕಾಪುವಿನಲ್ಲಿ ಕಡಲಿಗೆ ಹೋಗುವ ಮನೆತನ. ದೋಣಿ ಹತ್ತಿದ ಕೂಡಲೇ ವಾಂತಿ ಮಾಡುವವನು ಆ ಮನೆಯಲ್ಲಿ ನಾನೊಬ್ಬನೇ. ಎರಡು ವರ್ಷ ನೋಡಿದ ಅಪ್ಪ, "ಇವನನ್ನು ನೆಲದ ಮೇಲೆಯೇ ಎಲ್ಲಾದರೂ ಇಡುವ ಮಾರಾಯ" ಎಂದು ಅಣ್ಣನಿಗೆ ಹೇಳಿ ಕೈಬಿಟ್ಟರು. ಹಾಗೆ ಕಾವಲು ನಾಯಿ ಪಳಗಿಸುವ ಕೆಲಸಕ್ಕೆ ಸೇರಿದವನು ಇಪ್ಪತ್ತು ವರ್ಷ ಊರೂರು ಅಲೆದೆ. ಈಗ ಕಾರ್ಕಳದಿಂದ ಬಜಗೋಳಿಗೆ ಹೋಗುವ ದಾರಿಯಲ್ಲಿ ನನ್ನದೇ ಒಂದು ತಗಡಿನ ಶೆಡ್ಡು ಇದೆ, ಅದರಲ್ಲಿ ಬೇಟೆ ಜಾತಿಯ ಮೂರು ನಾಯಿಗಳಿವೆ. ಬೇಟೆಗೆ ಕಾನೂನಿನ ತಡೆ ಇದೆ, ಮೂಗಿಗೆ ಇಲ್ಲ. ಕಾಣೆಯಾದವರನ್ನು ಹುಡುಕಲು ನಾನು ನಾಯಿಗಳನ್ನು ಪಳಗಿಸುತ್ತೇನೆ.

ಮೂರರ ಕ್ರಮವೂ ಬೇರೆ ಬೇರೆ. ರಾಣಿ ಪಾಯಿಂಟರ್ ಜಾತಿಯವಳು, ತಲೆ ಎತ್ತಿ ಗಾಳಿಯಲ್ಲಿ ಬರುವ ವಾಸನೆ ಹಿಡಿಯುತ್ತಾಳೆ. ಮನುಷ್ಯ ಯಾವ ದಾರಿಯಲ್ಲಿ ಹೋದ ಎಂಬುದು ಅವಳಿಗೆ ಬೇಡ, ಈಗ ಎಲ್ಲಿದ್ದಾನೆ ಎಂಬುದಷ್ಟೇ ಬೇಕು. ಗೊತ್ತಾದರೆ ಬೊಗಳುವುದಿಲ್ಲ. ಒಂದು ಮುಂಗಾಲು ಎತ್ತಿ, ಮೂಗನ್ನು ಅತ್ತ ಚಾಚಿ, ಕಲ್ಲಿನಂತೆ ನಿಂತುಬಿಡುತ್ತಾಳೆ. ಸರದಾರ ಮುಧೋಳ ನಾಯಿ. ಬಾಗಲಕೋಟೆ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದು ಈಗ ನನ್ನ ಜೊತೆಗಿರುವ ಸಹಾಯಕ ಅವನನ್ನು ಊರಿನಿಂದ ತಂದದ್ದು. ಸರದಾರನದು ಕಣ್ಣಿನ ಬೇಟೆ, ಓಡುವ ಪ್ರಾಣಿ ಕಂಡರೆ ಬೆನ್ನಟ್ಟಿ ಹಿಡಿಯುತ್ತಾನೆ. ಮೂರನೆಯವನು ಬೊಳ್ಳು, ಬೀಗಲ್ ಜಾತಿ. ಮೂಗನ್ನು ನೆಲಕ್ಕೆ ಅಂಟಿಸಿ, ಮನುಷ್ಯ ಇಟ್ಟ ಒಂದೊಂದು ಹೆಜ್ಜೆಯನ್ನೂ ಮೂಸಿ, ಊಳಿಡುತ್ತಾ ಹೋಗುತ್ತಾನೆ. ಆ ಊಳನ್ನು ತಾಳಲಾರದೆ ಮಣಿಪಾಲದ ಮೂರು ಫ್ಲ್ಯಾಟಿನವರು ಒಬ್ಬರಾದ ಮೇಲೊಬ್ಬರು ಅವನನ್ನು ಸಾಕಿ, ಸಾಕೆಂದು ಬಿಟ್ಟುಕೊಟ್ಟಿದ್ದರು.

ನಮ್ಮ ಕಡೆ ಕಾಣೆಯಾದವರನ್ನು ಉಚಿತವಾಗಿ ಹುಡುಕುವ ಸ್ವಯಂಸೇವಕರ ತಂಡವೊಂದಿದೆ. ಅದರ ಮುಖ್ಯಸ್ಥರು ನಿವೃತ್ತ ಹೆಡ್ಮಾಷ್ಟ್ರು. ಬೊಳ್ಳುವನ್ನು ತಂಡಕ್ಕೆ ಸೇರಿಸಿಕೊಳ್ಳಿ ಎಂದು ನಾನು ಕೇಳಿದಾಗ ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಇದು ಮನುಷ್ಯರ ಜೀವದ ವಿಷಯ. ಒಂದು ಜಾಡನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ನಮ್ಮವರೊಬ್ಬರನ್ನು ಹುಡುಕಿಕೊಡಲಿ. ಮತ್ತೆ ನೋಡುವ."

ಮೂರು ಮನೆಯವರು ಬೇಡವೆಂದ ನಾಯಿ ಅದು. ನಾಲ್ಕನೆಯವರೂ ಬೇಡ ಎನ್ನುವುದನ್ನು ಕೇಳಲು ನಾನು ತಯಾರಿರಲಿಲ್ಲ. ತಂಡಕ್ಕೆ ಸೇರಿಸಿಯೇ ಸಿದ್ಧ ಎಂದು ಹಟ ಹಿಡಿದೆ.

ಪರೀಕ್ಷೆ

ಮೊದಲು ಕಾರ್ಕಳದ ಹತ್ತಿರದ ಮೈದಾನವೊಂದರಲ್ಲಿ ತಂಡದವರ ಎದುರು ಒಂದು ಪರೀಕ್ಷೆ ಇಟ್ಟೆವು. ತಂಡದಲ್ಲಿದ್ದ ರಿಕ್ಷಾ ಚಾಲಕರೊಬ್ಬರು ಮುಂದಾಗಿ ಹೋಗಿ ಎಲ್ಲಾದರೂ ಅಡಗಿಕೊಳ್ಳಬೇಕು, ನಾಯಿಗಳು ಹುಡುಕಬೇಕು. ಅವರು ಅರ್ಧ ಗಂಟೆ ಮೊದಲೇ ಹೊರಟರು. ಅವರ ಹೆಂಡತಿ ಎಲ್ಲರಿಗೂ ಫ್ಲಾಸ್ಕಿನಲ್ಲಿ ಚಾ ತಂದಿದ್ದರು.

ಮೊದಲು ಸರದಾರ. ಅವನು ಮೈದಾನದ ನಡುವೆ ರಾಜಗಾಂಭೀರ್ಯದಿಂದ ನಿಂತು ನಾಲ್ಕೂ ದಿಕ್ಕು ನೋಡಿದ. ಮಾಷ್ಟ್ರು, "ಮೂಸುವುದಿಲ್ವಾ ಇದು?" ಎಂದರು.

"ನಮ್ಮ ನಾಯಿ ಮೂಸೂದಿಲ್ರೀ ಸರ, ನೋಡತೈತಿ," ಎಂದ ನನ್ನ ಸಹಾಯಕ. "ಆ ಮನಿಷ್ಯಾ ಸ್ವಲ್ಪ ಓಡಿದ್ರ ಹಿಡೀತಿತ್ತು. ಅವ ಅಡಗಿ ಕುಂತಾನ, ಅದು ತಪ್ಪು ಯಾರದ?"

ಆಮೇಲೆ ರಾಣಿ. ತಲೆ ಎತ್ತಿ ಒಮ್ಮೆ ಗಾಳಿ ಕುಡಿದಳು, ಮೈದಾನವನ್ನು ಅಡ್ಡ ಹಾದು ಗೇರು ಪೊದೆಯೊಂದರ ಮುಂದೆ ಮುಂಗಾಲು ಎತ್ತಿ ನಿಂತಳು. ಎರಡೇ ನಿಮಿಷದ ಕೆಲಸ. "ಅಯ್ಯೋ ಪಾಪ, ಕಾಲಿಗೆ ಮುಳ್ಳು ಹೊಕ್ಕಿದೆ," ಎಂದು ತಂಡದ ಇಬ್ಬರು ಓಡಿ ಹೋಗಿ ಅವಳ ಪಾದ ಪರೀಕ್ಷಿಸತೊಡಗಿದರು. ಪೊದೆಯ ಹಿಂದಿದ್ದ ಚಾಲಕರು ತಾವೇ ಎದ್ದು ಬಂದು, "ಮುಳ್ಳಲ್ಲ ಮಾರಾಯ್ರೆ, ನಾನು," ಎಂದು ಹೇಳಬೇಕಾಯಿತು.

ಅವರನ್ನು ಮತ್ತೆ ಅಲ್ಲೇ ಕೂರಿಸಿ ಬೊಳ್ಳುವನ್ನು ಬಿಟ್ಟೆ. ಅವನು ಗೇರು ಪೊದೆಯ ಕಡೆ ನೋಡಲೂ ಇಲ್ಲ. ಮೂಗು ನೆಲಕ್ಕಿಟ್ಟು, ಚಾಲಕರು ನಡೆದ ದಾರಿಯನ್ನೇ ಹಿಡಿದ. ಮೈದಾನದ ಗೋಡೆಯ ಹಿಂದೆ ಹೋದ, ಅಲ್ಲಿನ ಗೂಡಂಗಡಿಗೆ ಒಂದು ಸುತ್ತು ಹಾಕಿದ, ಅಂಗಡಿಯ ಹಿಂಬದಿಯ ಕಲ್ಲಿನ ಮೇಲೆ ಹತ್ತಿ ನಿಂತು ಊಳಿಟ್ಟ. ಕಲ್ಲಿನ ಬುಡದಲ್ಲಿ ಮೂರು ಬೀಡಿ ತುಂಡುಗಳಿದ್ದವು, ಒಂದರ ತುದಿಯ ಬೂದಿ ಇನ್ನೂ ಉದುರಿರಲಿಲ್ಲ. ಬೀಡಿ ಬಿಟ್ಟು ಎರಡು ವರ್ಷವಾಯಿತೆಂದು ಮನೆಯಲ್ಲಿ ಆಣೆ ಹಾಕಿದ್ದ ಮನುಷ್ಯ ಅವರು. ಅಲ್ಲಿಂದ ಬೊಳ್ಳು ಪೊದೆಯ ಕಡೆ ಹೊರಡುವಷ್ಟರಲ್ಲಿ ಅವನ ಬೆನ್ನಿಗೇ ಬಂದಿದ್ದ ಚಾಲಕರ ಹೆಂಡತಿ ಅವನನ್ನು ಹಿಂದೆ ಹಾಕಿ ಪೊದೆ ಮುಟ್ಟಿದ್ದರು. ಅಲ್ಲಿ ಗಲಾಟೆಯೋ ಗಲಾಟೆ, ಬೊಳ್ಳು ಅರ್ಧ ದಾರಿಯಲ್ಲೇ ಹೆದರಿ ಕುಳಿತ.

"ಜಾಡು ಪೂರ್ತಿ ಆಗಲಿಲ್ಲ," ಎಂದು ಮಾಷ್ಟ್ರು ತಲೆಯಾಡಿಸಿದರು.

ಚಾ ಲೋಟಗಳನ್ನು ಒಟ್ಟುಮಾಡಿಕೊಂಡು ಹೊರಡುವಾಗ ಆ ಅಮ್ಮ ಮಾತ್ರ ನನ್ನ ಹತ್ತಿರ ಬಂದು ಕೇಳಿದರು: "ಮಾಷ್ಟ್ರು ಬೇಡ ಅಂದರೆ ಅನ್ನಲಿ. ಈ ನಾಯಿಯನ್ನು ವಾರಕ್ಕೆ ಒಂದು ದಿನ ನಮ್ಮ ಮನೆಗೆ ಬಿಡ್ತೀರಾ?"

ಇಸ್ತ್ರಿ ಮಾಡಿದ ಅಂಗಿ

ತಂಡಕ್ಕೆ ಮೊದಲ ನಿಜವಾದ ಕರೆ ಪೆರ್ಡೂರಿನಿಂದ ಬಂತು. ನನ್ನ ಹಟಕ್ಕೆ ಸೋತು ಮಾಷ್ಟ್ರು ಬೊಳ್ಳುವಿಗೆ ಇನ್ನೊಂದು ಅವಕಾಶ ಕೊಟ್ಟರು. ಬೆಳಿಗ್ಗೆ ಹೊರಗೆ ಹೋದ ಮನೆಯ ಯಜಮಾನರು ಮಧ್ಯಾಹ್ನವಾದರೂ ಬಂದಿಲ್ಲ. ಬೊಳ್ಳುವನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಡುವಾಗಲೇ ಫೋನಿನಲ್ಲಿ ಹೇಳಿದೆ: "ಅವರು ಮೈಮೇಲೆ ಹಾಕಿದ ಒಂದು ಬಟ್ಟೆ ತೆಗೆದಿಡಿ. ನಾಯಿಗೆ ಮೂಸಲು ಬೇಕು."

ನಾವು ಮುಟ್ಟಿದಾಗ ಯಜಮಾನರ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದರು. ತಟ್ಟೆಯಲ್ಲಿ ಒಂದು ಬಿಳಿ ಅಂಗಿ ಇಟ್ಟುಕೊಟ್ಟರು. ಮಡಿಕೆ ನೋಡಿದರೆ ಮದುಮಗನ ಅಂಗಿಯಂತಿತ್ತು. ನಾನು ಹೆಚ್ಚು ಯೋಚಿಸಲಿಲ್ಲ, ಅದೇ ನನ್ನ ತಪ್ಪು. ಬೊಳ್ಳು ಅಂಗಿಯನ್ನು ಮೂಸಿ, ಒಮ್ಮೆ ನನ್ನ ಮುಖ ನೋಡಿ, ನೆಲ ಮೂಸುತ್ತಾ ಅಂಗಳ ದಾಟಿದ. ರಸ್ತೆಗಿಳಿದ, ತಿರುವಿನಲ್ಲಿ ತಿರುಗಿದ, ನೇರ ಹೋಗಿ ಇಸ್ತ್ರಿ ಅಂಗಡಿಯೊಳಗೆ ನುಗ್ಗಿ ಇಸ್ತ್ರಿಯವರ ಎರಡು ಕಾಲುಗಳ ನಡುವೆ ನಿಂತು ಊಳಿಟ್ಟ. ಹಿಂದಿನಿಂದ ಮನೆಯವರು, ನೆರೆಯವರು, ಮಾಷ್ಟ್ರು, ಒಟ್ಟು ಮೂವತ್ತು ಜನ. ಇಸ್ತ್ರಿಯವರು ಬಿಸಿ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ, "ನಾನು ಎಂತ ಸಹ ಮಾಡಿಲ್ಲ! ಅಂಗಿ ಈಗಷ್ಟೇ ಅವರೇ ಓಡಿ ಬಂದು ಕೊಟ್ಟದ್ದು, ಅರ್ಜೆಂಟ್ ಅಂತ ಹೇಳಿದರು!" ಎಂದು ಕೂಗಿದರು.

ಆಗ ಗೊತ್ತಾಯಿತು. ನನ್ನ ಫೋನು ಇಟ್ಟ ಕೂಡಲೇ ಆ ಅಮ್ಮ ಗಂಡನ ಅಂಗಿಯನ್ನು ಸಾಬೂನು ಹಾಕಿ ಒಗೆದು, ಮಿಕ್ಸಿಯ ಪಕ್ಕದ ಫ್ಯಾನಿಗೆ ಹಿಡಿದು, ಅರೆ ಒಣಗಿದ್ದನ್ನು ಇಸ್ತ್ರಿಗೆ ಕೊಟ್ಟು ತಂದಿದ್ದರು.

"ಅಮ್ಮ, ಒಗೆದರೆ ವಾಸನೆ ಹೋಗುವುದಿಲ್ವಾ?"

"ಮತ್ತೆ? ಹೊರಗಿನವರ ಕೈಗೆ ಬೆವರಿನ ಅಂಗಿ ಕೊಡುವುದು ಹೇಗೆ? ಮನೆಯ ಮರ್ಯಾದೆ ಬೇಡ್ವಾ?"

ಈ ಮಾತು ನಡೆಯುತ್ತಿರುವಾಗಲೇ ಯಜಮಾನರು ಬಸ್ಸಿನಿಂದ ಇಳಿದರು. ಕಾರ್ಕಳದ ತಂಗಿಯ ಮನೆಯಲ್ಲಿ ಊಟ ಮುಗಿಸಿ, ಫೋನಿನ ಚಾರ್ಜು ಮುಗಿದು, ಹಾಯಾಗಿ ಬಂದಿದ್ದರು. ಮಾಷ್ಟ್ರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಏನೋ ಬರೆದುಕೊಂಡರು, ನನಗೆ ತೋರಿಸಲಿಲ್ಲ. ನಾನು ಹತ್ತು ನಿಮಿಷ ನಿಂತು, ಬೆವರಿನ ಬಟ್ಟೆಯೇ ಯಾಕೆ ಬೇಕು ಎಂದು ಆ ಅಮ್ಮನಿಗೆ ವಿವರಿಸಿದೆ. ಅವರು ಶ್ರದ್ಧೆಯಿಂದ ಕೇಳಿ ತಲೆಯಾಡಿಸಿದರು.

"ಸರಿ ಮಾರಾಯ್ರೆ, ಅರ್ಥ ಆಯ್ತು. ಇನ್ನೊಂದು ಸಲ ಇವರು ಕಾಣೆಯಾಗುವ ಹಿಂದಿನ ದಿನವೇ ಹೇಳಿಬಿಡಿ, ಒಗೆಯದೆ ಇಡ್ತೇನೆ."

ಚಿನ್ನು

ಮಣಿಪಾಲದ ಫ್ಲ್ಯಾಟಿನಿಂದ ಒಬ್ಬ ಮಹಿಳೆ ಫೋನ್ ಮಾಡಿದರು. ಅವರ ಚಿನ್ನು ಕಾಣುತ್ತಿಲ್ಲ. ಮನೆಯ ಮಗುವಿನಂತೆ ಸಾಕಿದ್ದಾರೆ, ನಿನ್ನೆಯಿಂದ ಊಟ ಮಾಡಿಲ್ಲ, ಅಂದರೆ ಇವರು. ಬೊಳ್ಳುವನ್ನು ತರುತ್ತೇನೆ ಎಂದೆ. "ಬೊಗಳುವ ನಾಯಿ ಬೇಡ, ಇಲ್ಲಿ ಕಂಪ್ಲೇಂಟ್ ಮಾಡ್ತಾರೆ. ನಿಮ್ಮಲ್ಲಿ ಮುಧೋಳ ಉಂಟಂತಲ್ಲ, ತುಂಬಾ ಫಾಸ್ಟ್ ಅಂತ ವಿಡಿಯೋದಲ್ಲಿ ನೋಡಿದೆ. ಅದನ್ನೇ ತನ್ನಿ," ಎಂದರು.

ಮೂಗಿನ ಕೆಲಸಕ್ಕೆ ಅದು ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸರದಾರ, ಅವನನ್ನು ತಂದ ನನ್ನ ಸಹಾಯಕ, ನಾನು ಲಿಫ್ಟಿನಲ್ಲಿ ಏಳನೇ ಮಹಡಿಗೆ ಹೋದೆವು. ಚಿನ್ನು ಬೆಕ್ಕೋ ನಾಯಿಯೋ ಎಂದು ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ ಅವರು ಫೋಟೋ ತೋರಿಸಿದರು. ಕೆಂಪು ರಿಬ್ಬನ್ ಕಟ್ಟಿದ, ದುಂಡಗಿನ ಬಿಳಿ ಮೊಲ.

ನನ್ನ ಸಹಾಯಕ ಫೋಟೋ ನೋಡಿದ. ಸರದಾರನ ಪಟ್ಟಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡ. ಆಮೇಲೆ ಬಹಳ ವಿನಯದಿಂದ ಕೇಳಿದ: "ಅಕ್ಕಾರ, ಸಿಕ್ಕ ಮ್ಯಾಲೆ ಜೀವಂತನ ಬೇಕೇನ್ರಿ?"

ಕಡಲಿನ ಕಡೆ ಮುಂಗಾಲು

ತಂಡಕ್ಕೆ ಎರಡನೆಯ ಕರೆ ಬಂದದ್ದು ನನ್ನದೇ ಊರು ಕಾಪುವಿನಿಂದ. ಮೀನುಗಾರನೊಬ್ಬ ಬೆಳಿಗ್ಗೆ ಹೆಂಡತಿಯ ಹತ್ತಿರ ಜಗಳವಾಡಿ, ಫೋನು ಮನೆಯಲ್ಲೇ ಬಿಟ್ಟು ಹೋದವನು ಮಧ್ಯಾಹ್ನ ಮೂರು ಗಂಟೆಯಾದರೂ ಪತ್ತೆಯಿಲ್ಲ. ಮಾಷ್ಟ್ರು, "ರಾಣಿ, ಬೊಳ್ಳು ಎರಡನ್ನೂ ತನ್ನಿ," ಎಂದರು. ಹುಟ್ಟಿದ ಊರಿನಲ್ಲಿ ಮಾನ ಉಳಿಸಬೇಕು ಎಂದುಕೊಂಡು ಹೋದೆ.

ಈ ಸಲ ಒಗೆಯದ ಬನಿಯನ್ನೇ ಸಿಕ್ಕಿತು. ಬೊಳ್ಳು ಮನೆಯ ಮೆಟ್ಟಿಲಿನಿಂದಲೇ ಜಾಡು ಹಿಡಿದ. ತೆಂಗಿನ ಮರಗಳ ನಡುವೆ, ಬಲೆ ಇಡುವ ಶೆಡ್ಡಿನ ಬದಿಯಲ್ಲಿ, ಒಂದು ಹೆಜ್ಜೆಯೂ ತಪ್ಪದೆ ಊಳಿಡುತ್ತಾ ಮರಳಿನವರೆಗೆ ಬಂದ. ನನ್ನ ಎದೆ ಉಬ್ಬಿತು. ಅಲ್ಲಿಗೆ ಜಾಡು ಮುಗಿಯಿತು. ಭರತದ ನೀರು ಬಂದು ಹೆಜ್ಜೆಗಳನ್ನೆಲ್ಲ ತೊಳೆದುಕೊಂಡು ಹೋಗಿತ್ತು. ನೆಲವನ್ನೇ ನಂಬಿದವನಿಗೆ ನೆಲವೇ ಕೈಕೊಟ್ಟಿತು. ಬೊಳ್ಳು ಮೂರು ಸುತ್ತು ಹಾಕಿದ, ನನ್ನನ್ನು ನೋಡಿದ, ಕೊನೆಗೆ ಅಲ್ಲಿದ್ದ ಮೀನಿನ ಬುಟ್ಟಿಯೊಂದಕ್ಕೆ ಬಾಯಿ ಹಾಕಿ ಒಂದು ಬೂತಾಯಿ ನುಂಗಿದ. ಮಾಷ್ಟ್ರು ಪುಸ್ತಕ ತೆಗೆದರು.

ಆಗ ರಾಣಿಯನ್ನು ಬಿಟ್ಟೆ. ಮಧ್ಯಾಹ್ನದ ಮೇಲೆ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಅವಳು ನೀರಂಚಿಗೆ ಓಡಿ, ಕಡಲಿನ ಕಡೆ ಮೂಗು ಚಾಚಿ, ಮುಂಗಾಲು ಎತ್ತಿ ನಿಂತಳು. ಮನುಷ್ಯ ನೀರಿನ ಮೇಲೆ ಎಲ್ಲೋ ಇದ್ದಾನೆ ಎಂದು ನನಗೆ ತಿಳಿಯಿತು. ನೆರೆದ ಜನಕ್ಕೆ ಮನುಷ್ಯ ನೀರಿನ ಅಡಿಯಲ್ಲಿದ್ದಾನೆ ಎಂದು ತಿಳಿಯಿತು. ಹೆಂಗಸರು ಒಮ್ಮೆಲೇ ಬೊಬ್ಬೆ ಹಾಕಿದರು. ಅವನ ಹೆಂಡತಿ ಮರಳಿನಲ್ಲಿ ಕುಸಿದು ಎದೆ ಬಡಿದುಕೊಂಡು ಅತ್ತಳು.

"ನನ್ನದೇ ತಪ್ಪು! ಎಲ್ಲ ನನ್ನದೇ ತಪ್ಪು! ನೀವು ವಾಪಸು ಬಂದರೆ ಇನ್ನು ಜೀವಮಾನದಲ್ಲಿ ನಿಮಗೆ ಎದುರು ಮಾತಾಡುವುದಿಲ್ಲ!"

ದಡದಿಂದ ಸ್ವಲ್ಪ ಒಳಗೆ ಲಂಗರು ಹಾಕಿದ್ದ ದೋಣಿಯೊಂದರಲ್ಲಿ ಟಾರ್ಪಾಲು ಅಲುಗಿತು. ಅದರ ಕೆಳಗಿನಿಂದ ಗಂಡ ತಲೆ ಹೊರಗೆ ಹಾಕಿದ. ಜಗಳದ ಮೇಲೆ ಎದೆಮಟ್ಟ ನೀರಿನಲ್ಲಿ ನಡೆದುಹೋಗಿ, ಯಾರ ಕಾಟವೂ ಇಲ್ಲದೆ ಅಲ್ಲಿ ಮಲಗಿದ್ದನಂತೆ. ಎರಡೂ ಕೈಯನ್ನು ಬಾಯಿಗೆ ಹಿಡಿದು ಕೂಗಿದ:

"ಆ ಕೊನೆಯ ಮಾತನ್ನು ಇನ್ನೊಂದು ಸಲ ಹೇಳು! ಎಲ್ಲರೂ ಇದ್ದಾರೆ, ಈಗಲೇ ಹೇಳು!"

ಹನ್ನೆರಡು ಗಂಟೆಯ ಮುಹೂರ್ತ

ಕಾಪುವಿನಿಂದ ಬಂದ ಮೇಲೆ ಮಾಷ್ಟ್ರು ಮೆತ್ತಗೆ ಹೇಳಿದರು: "ರಾಣಿ ನಮ್ಮ ತಂಡಕ್ಕೆ ಬರಲಿ. ಬೊಳ್ಳು ಬೇಡ. ಬೇಜಾರು ಮಾಡಿಕೊಳ್ಳಬೇಡಿ."

"ಇನ್ನು ಒಂದೇ ಒಂದು ಸಲ ಕೊಡಿ ಮಾಷ್ಟ್ರೆ. ಅದರಲ್ಲೂ ತಪ್ಪಿದರೆ ನಾನೇ ಅವನ ಹೆಸರೆತ್ತುವುದಿಲ್ಲ."

ಅವತ್ತಿನಿಂದ ಮೂರು ತಿಂಗಳು ದಿನವೂ ಮುಂಜಾನೆ ಬಜಗೋಳಿಯ ಸುತ್ತ ನಾನೇ ಜಾಡು ಹಾಕಿದೆ. ಸಂತೆಯ ನಡುವೆ ನಡೆದೆ, ತೋಡಿನ ನೀರು ದಾಟಿದೆ. ನನ್ನ ಹೆಂಡತಿ ಬುಟ್ಟಿಯಲ್ಲಿ ಬೂತಾಯಿ ಹಿಡಿದು ಬೇಕೆಂದೇ ಜಾಡಿಗೆ ಅಡ್ಡ ಹಾಯುತ್ತಿದ್ದಳು. ಬೊಳ್ಳು ಮೀನಿನ ಕಡೆ ತಿರುಗಿದರೆ ಮತ್ತೆ ಮೊದಲಿನಿಂದ. ನನ್ನ ಮೊಣಕಾಲಿಗೆ ನೋವು ಬಂತು, ಅವನ ಮೂಗಿಗೆ ಬುದ್ಧಿ ಬಂತು.

ಕರೆ ಬಂದದ್ದು ಅಂಬಲಪಾಡಿಯ ಕಡೆಯ ಒಂದು ಮದುವೆ ಹಾಲ್‌ನಿಂದ, ಬೆಳಿಗ್ಗೆ ಹತ್ತೂವರೆಗೆ. ಮದುಮಗಳಿಗೆ ತಂದೆಯಿಲ್ಲ. ಸಾಕಿ ಓದಿಸಿದ ಸೋದರಮಾವನೇ ಧಾರೆ ಎರೆಯಬೇಕು. ಆ ಮಾಮನಿಗೆ ವಯಸ್ಸು ಎಪ್ಪತ್ತೈದು, ನೆನಪು ಬಂದು ಹೋಗಿ ಮಾಡುತ್ತದೆ. ಒಂದು ಗಂಟೆಯಿಂದ ಕಾಣುತ್ತಿಲ್ಲ. ಹತ್ತಿರವೇ ಹೆದ್ದಾರಿ, ಬಸ್ಸುಗಳು ಹಾರಿಕೊಂಡು ಹೋಗುತ್ತವೆ. ಮುಹೂರ್ತ ಹನ್ನೆರಡಕ್ಕೆ. ಮದುಮಗಳು ಅಲಂಕಾರದಲ್ಲೇ ಕುಳಿತು ಅಳುತ್ತಿದ್ದಳು. "ಮಾಮ ಸಿಗದೆ ನಾನು ಮಂಟಪಕ್ಕೆ ಬರುವುದಿಲ್ಲ. ಮುಹೂರ್ತ ಹೋದರೆ ಹೋಗಲಿ."

ನಾವು ಮುಟ್ಟುವಾಗ ಹನ್ನೊಂದು ದಾಟಿತ್ತು. ರಾಣಿಯನ್ನು ಬಿಟ್ಟದ್ದು ದಂಡವಾಯಿತು. ಗಾಳಿಯ ತುಂಬ ಗೋಳಿಬಜೆ ಕರಿಯುವ ವಾಸನೆ. ಅವಳು ಅಡುಗೆಯವರ ಬಾಣಲೆಯ ಕಡೆ ಮುಂಗಾಲು ಎತ್ತಿ ನಿಂತವಳು ಅಲುಗಲಿಲ್ಲ. ಇನ್ನು ಉಳಿದವನು ಬೊಳ್ಳು.

ಮದುಮಗಳ ಅಣ್ಣ ಹಾಲಿನ ಬಾಗಿಲಲ್ಲಿದ್ದ ಚಪ್ಪಲಿ ರಾಶಿಯಿಂದ ಕಂದು ಬಣ್ಣದ ಹೊಸ ಜೊತೆಯೊಂದನ್ನು ಎತ್ತಿಕೊಟ್ಟ. "ಮಾಮನದು. ನಾನೇ ಮೊನ್ನೆ ತೆಗೆದುಕೊಟ್ಟದ್ದು. ಬರಿಗಾಲಲ್ಲೇ ಹೋಗಿದ್ದಾರೆ."

ಬೊಳ್ಳು ಮೂಸಿದ. ಹೊರಗೆ ಹೋಗಲಿಲ್ಲ, ಹಾಲಿನ ಒಳಗೇ ನುಗ್ಗಿದ. ತಿಂಡಿಯ ಪಂಕ್ತಿಯ ನಡುವೆ ಓಡಿ, ಶೀರಾ ತಿನ್ನುತ್ತಿದ್ದ ದಪ್ಪ ಮೀಸೆಯ ಅತಿಥಿಯೊಬ್ಬರ ಮುಂದೆ ಕುಳಿತು ಹಾಲ್ ಬಿರಿಯುವಂತೆ ಊಳಿಟ್ಟ. ಜನ ನಕ್ಕರು, ಕೆಲವರು ಬೈದರು. ಮಾಷ್ಟ್ರು ನನ್ನ ಹೆಗಲ ಮೇಲೆ ಕೈ ಇಟ್ಟು, "ಮುಗಿಯಿತು ಮಾರಾಯ್ರೆ, ಹೋಗುವ," ಎಂದರು.

ನನಗೆ ಸಿಟ್ಟು ಬಂತು. ಮೂರು ತಿಂಗಳು ಜೊತೆಗೆ ನಡೆದವನು ನಾನು, ಈ ಮೂಗು ಸುಳ್ಳು ಹೇಳುವುದಿಲ್ಲ ಎಂದು ನನಗೆ ಗೊತ್ತು. ಚಪ್ಪಲಿಯನ್ನು ಅತಿಥಿಯ ಮುಖದ ಹತ್ತಿರ ಹಿಡಿದೆ. "ಇದು ಯಾರದ್ದು?"

"ನನ್ನದೇ. ಚಪ್ಪಲಿ ಹೊರಗೆ ಬಿಟ್ಟದ್ದು ತಪ್ಪಾ?"

ಒಂದೇ ಅಂಗಡಿ, ಒಂದೇ ಬಣ್ಣ, ಒಂದೇ ಅಳತೆ. ಮಾಮ ತಮ್ಮ ಚಪ್ಪಲಿ ಹಾಕಿಕೊಂಡೇ ಹೋಗಿದ್ದರು. ಬೊಳ್ಳು ಚಪ್ಪಲಿಯ ಒಡೆಯನನ್ನು ಸರಿಯಾಗಿಯೇ ಹಿಡಿದಿದ್ದ. ಮಾಷ್ಟ್ರು ಹೆಗಲಿನಿಂದ ಕೈ ತೆಗೆದರು. ಮಾಮ ಬೆಳಿಗ್ಗೆ ಕಾರಿನಲ್ಲಿ ತಲೆಯ ಅಡಿಗಿಟ್ಟು ನಿದ್ದೆ ಮಾಡಿದ್ದ ಬೈರಾಸು ವಸ್ತ್ರವನ್ನು ತರಿಸಿ ಮೂಸಿಸಿದೆ.

ಆಮೇಲೆ ಅವನನ್ನು ತಡೆಯುವವರಿರಲಿಲ್ಲ. ಹಿಂದಿನ ಗೇಟು ದಾಟಿದ. ಎಳನೀರಿನ ಗಾಡಿಯ ಹತ್ತಿರ ನಿಂತ, ಮಾಮನೂ ಅಲ್ಲಿ ನಿಂತಿದ್ದರು ಎಂದು ಗಾಡಿಯವನು ಹೇಳಿದ. ಕ್ಷೌರದಂಗಡಿಯ ಬೆಂಚು ಮೂಸಿದ, ಮಾಮ ಅಲ್ಲಿ ಕುಳಿತು ಪೇಪರ್ ಓದಿದ್ದರು. ಹೆದ್ದಾರಿಯ ಅಂಚಿಗೆ ಬಂದಾಗ ನಾನು ಓಡಿ ಅವನಿಗೆ ಹತ್ತಿರವಾದೆ. ಅಲ್ಲೊಬ್ಬಳು ಮೀನು ಮಾರುತ್ತಿದ್ದಳು. ಬೊಳ್ಳು ಬುಟ್ಟಿಯ ಪಕ್ಕದಲ್ಲೇ ಹಾದುಹೋದ, ತಲೆ ಕೂಡ ತಿರುಗಿಸಲಿಲ್ಲ. ರಸ್ತೆ ದಾಟದೆ ಎಡಕ್ಕೆ ತಿರುಗಿ ಒಂದು ಓಣಿ ಹಿಡಿದ. ಅವನ ಹಿಂದೆ ನಾನು, ಮಾಷ್ಟ್ರು, ಮದುಮಗಳ ಅಣ್ಣ. ನಮ್ಮ ಹಿಂದೆ, ಯಾರೂ ಕರೆಯದಿದ್ದರೂ, ಮದುವೆಯ ವಿಡಿಯೋದವನು.

ಓಣಿ ಮುಗಿದಲ್ಲಿ ಇನ್ನೊಂದು ಹಾಲ್, ಇನ್ನೊಂದು ಮದುವೆ. ಬೊಳ್ಳು ಊಳಿಡುತ್ತಾ ಕಾರ್ಪೆಟ್ಟಿನ ಮೇಲೆಯೇ ಮಂಟಪದ ಕಡೆ ನಡೆದ. ಮುಂದಿನ ಸಾಲಿನ ಸೋಫಾದಲ್ಲಿ ಬಿಳಿ ಪಂಚೆ, ಜರಿ ಶಾಲು ಹೊದ್ದು, ಕೈಯಲ್ಲಿ ತೆಂಗಿನಕಾಯಿ ಹಿಡಿದು, ಕಾಲಲ್ಲಿ ಕಂದು ಚಪ್ಪಲಿ ಹಾಕಿಕೊಂಡು ಮಾಮ ಗಂಭೀರವಾಗಿ ಕುಳಿತಿದ್ದರು. ಬೊಳ್ಳು ಅವರ ಪಾದದ ಮೇಲೆ ಗಲ್ಲವಿಟ್ಟು ಮಲಗಿಬಿಟ್ಟ. ಮೊದಲಿನಿಂದ ಕೊನೆಯವರೆಗೆ, ಒಂದು ಹೆಜ್ಜೆಯೂ ಬಿಡದೆ. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಮಾಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ನಾಳೆಯಿಂದ ಇವನು ನಮ್ಮವನು," ಎಂದರು.

ಅಲ್ಲಿ ಮಾಮನನ್ನು ಯಾರೂ ನೀವು ಯಾರು ಎಂದು ಕೇಳಿರಲಿಲ್ಲ. ಹಿರಿಯರನ್ನು ಹಾಗೆ ಕೇಳುವುದುಂಟೇ? ಹುಡುಗನ ಕಡೆಯವರು ಹುಡುಗಿಯ ಕಡೆಯವರೆಂದುಕೊಂಡರು, ಹುಡುಗಿಯ ಕಡೆಯವರು ಹುಡುಗನ ಕಡೆಯವರೆಂದುಕೊಂಡರು. ಎರಡೂ ಕಡೆಯವರು ಪೈಪೋಟಿಯಲ್ಲಿ ಉಪಚಾರ ಮಾಡಿದ್ದರು.

ರಿಕ್ಷಾದಲ್ಲಿ ಹಾರಿ ಬಂದೆವು. ಹನ್ನೆರಡಕ್ಕೆ ನಾಲ್ಕು ನಿಮಿಷ ಇತ್ತು. ಮದುಮಗಳು ಓಡಿ ಬಂದು ಮಾಮನ ಕೈ ಹಿಡಿದು ಮಂಟಪಕ್ಕೆ ಹತ್ತಿಸಿದಳು. ಪುರೋಹಿತರು ನೀರಿನ ಗಿಂಡಿಯನ್ನು ಅವರ ಕೈಗಿಟ್ಟು, "ಧಾರೆ ಎರೆಯಿರಿ," ಎಂದರು.

ಮಾಮ ಗಿಂಡಿಯನ್ನು ನೋಡಿದರು, ಪುರೋಹಿತರನ್ನು ನೋಡಿದರು, ಸುಸ್ತಾದ ದನಿಯಲ್ಲಿ ಕೇಳಿದರು:

"ಇನ್ನೊಂದಾ? ಈಗಷ್ಟೇ ಅಲ್ಲಿ ಒಂದು ಎರೆದು ಬಂದೆನಲ್ಲ ಮಾರಾಯ್ರೆ! ಇವತ್ತು ಒಟ್ಟು ಎಷ್ಟು ಉಂಟು?"